ಕಾಯಿಲೆಯಿಲ್ಲದ ಕುದುರೆ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯ



ಈ ಭಾಷಣವನ್ನು ಪರದೆಯ ಮೇಲೆ ನೋಡಿದವರಿಗೆ ಮೊದಲ ದೃಶ್ಯ ನೆನಪಿರಬಹುದು. ಬೆಳಗಿನ ಚಳಿ, ಲಾಯದ ನೆಲದ ಮೇಲೆ ಆಗ ತಾನೇ ಬಿದ್ದ ಲದ್ದಿ, ಅದರಿಂದ ಮೇಲೇಳುತ್ತಿದ್ದ ಹಬೆ. ಅದನ್ನು ಚಿತ್ರೀಕರಿಸಲು ನಮ್ಮ ಕ್ಯಾಮೆರಾಮನ್ ಮೊದಲು ಒಪ್ಪಲೇ ಇಲ್ಲ. "ಮೇಡಂ, ಪಕ್ಕದಲ್ಲೇ ಅಷ್ಟು ಚೆಂದದ ಕುದುರೆ ನಿಂತಿದೆ. ಅದನ್ನು ಬಿಟ್ಟು ಇದನ್ನು ತೋರಿಸೋದಾ?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಮೈ ಮಿರಮಿರನೆ ಮಿಂಚುತ್ತಿದ್ದ ಕಂದು ಬಣ್ಣದ ಹೆಣ್ಣು ಕುದುರೆ ಅದು. ಹುರುಳಿಯ ಚೀಲ ಕಂಡರೆ ಸಾಕು, ಕಾಲು ಕೆದರುತ್ತಿತ್ತು. ಯಾವ ಕಾಯಿಲೆಯೂ ಇರಲಿಲ್ಲ. ಆದರೆ ನಮ್ಮ ವಿಷಯವಿದ್ದದ್ದು ಲದ್ದಿಯಲ್ಲಿ.

ಪರದೆಯ ಮೇಲೆ ನಮಗೆ ಸಿಕ್ಕಿದ್ದು ಹದಿನೈದು ನಿಮಿಷ ಮಾತ್ರ. ಅಷ್ಟರಲ್ಲಿ ಹೇಳಲಾಗದೆ ಕತ್ತರಿ ಹಾಕಿದ ಎಷ್ಟೋ ಸಂಗತಿಗಳಿದ್ದವು. ಈ ಪುಟಗಳಲ್ಲಿ ಅವನ್ನೂ ಸೇರಿಸಿ, ಸ್ವಲ್ಪ ಬಿಡುವಾಗಿ ಹೇಳುತ್ತೇನೆ. ಪ್ರಶ್ನೆ ಇಷ್ಟೇ: ಕಾಯಿಲೆಯೇ ಇಲ್ಲದ, ಇತ್ತೀಚೆಗೆ ಔಷಧವನ್ನೇ ಮುಟ್ಟದ ಪ್ರಾಣಿಯೊಂದರ ಕರುಳಿನಲ್ಲಿ, ಆಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯ ಹೇಗೆ ಬಂದು ಸೇರುತ್ತದೆ?

ಈ ಪ್ರಶ್ನೆ ನನಗೆ ಬಂದದ್ದು ಕುದುರೆಯಿಂದಲ್ಲ, ನನ್ನ ತಾಯಿಯಿಂದ. ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ನಾಲ್ಕನೆಯ ದಿನ ಜ್ವರ ಬಂತು, ಮೂತ್ರ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಎಡಗಡೆ ಔಷಧಗಳ ಹೆಸರು, ಬಲಗಡೆ ಒಂದೊಂದಕ್ಕೂ ಒಂದೊಂದು ಅಕ್ಷರ. 'ಎಸ್' ಎಂದಿದ್ದರೆ ಆ ಔಷಧ ನಾಟುತ್ತದೆ, 'ಆರ್' ಎಂದಿದ್ದರೆ ನಾಟುವುದಿಲ್ಲ. ಅಮ್ಮನ ಹಾಳೆಯಲ್ಲಿ ಮೇಲಿನಿಂದ ಕೆಳಗೆ ಆರ್, ಆರ್, ಆರ್ ಎಂದೇ ಇತ್ತು. ಕೊನೆಯ ಸಾಲುಗಳಲ್ಲಿ ಎರಡು ಎಸ್ ಸಿಕ್ಕಿದವು. ನಾನು ತಲೆಕೆಡಿಸಿಕೊಂಡಿದ್ದು ಬೇರೆ ಕಾರಣಕ್ಕೆ. ನಮ್ಮಮ್ಮ ತಲೆನೋವಿಗೂ ಮಾತ್ರೆ ನುಂಗುವವರಲ್ಲ. ಶುಂಠಿ ಕಷಾಯದಲ್ಲೇ ಮುಗಿಸುವವರು. ಔಷಧವನ್ನೇ ಕಾಣದ ದೇಹದಲ್ಲಿ ಔಷಧವನ್ನು ಸೋಲಿಸುವ ವಿದ್ಯೆ ಎಲ್ಲಿಂದ ಬಂತು? ಡಾಕ್ಟರನ್ನು ಕೇಳಿದೆ. "ಆಸ್ಪತ್ರೆಯಲ್ಲೇ ಬಂದಿರಬಹುದು, ಬರುವ ಮೊದಲೇ ಅವರ ಕರುಳಲ್ಲಿ ಇದ್ದಿರಲೂಬಹುದು. ಈಗ ಹೇಳೋದು ಕಷ್ಟ," ಎಂದರು. ಇದ್ದಿರಬಹುದು ಎಂಬ ಆ ಮಾತು ನನ್ನನ್ನು ಬಿಡಲಿಲ್ಲ.

ಇದಕ್ಕೆ ಉತ್ತರ ಹುಡುಕಲು ಕುದುರೆ ಒಳ್ಳೆಯ ದಾರಿ. ಏಕೆಂದು ಹೇಳುತ್ತೇನೆ.

ಕೋಳಿ, ಹಂದಿಗಳ ವಿಚಾರ ನೀವು ಕೇಳಿರಬಹುದು. ಬೇಗ ಕೊಬ್ಬಲಿ ಎಂದು ಅವುಗಳ ಮೇವಿನಲ್ಲಿಯೇ ಆಂಟಿಬಯಾಟಿಕ್ ಬೆರೆಸುವ ಪದ್ಧತಿ ಅನೇಕ ದೇಶಗಳಲ್ಲಿ ಬೆಳೆದು ಬಂತು. ಅಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ಹುಟ್ಟಿದರೆ ಆಶ್ಚರ್ಯವಿಲ್ಲ. ಬ್ರಿಟನ್ನಿನ ಸವಾರಿ ಕುದುರೆಯ ಸಂಗತಿ ಹಾಗಲ್ಲ. ಅದನ್ನು ಯಾರೂ ಕೊಬ್ಬಿಸಿ ಮಾರುವುದಿಲ್ಲ. ಅದಕ್ಕೊಂದು ಹೆಸರಿದೆ, ಕಾಯಿಲೆಯಾದರೆ ವೈದ್ಯರು ಬಂದು ಅದೊಂದನ್ನೇ ಪರೀಕ್ಷಿಸಿ ಔಷಧ ಕೊಡುತ್ತಾರೆ. ಹೆಚ್ಚು ಕಡಿಮೆ ನಮ್ಮ ನಿಮ್ಮ ಹಾಗೆಯೇ. ಅಷ್ಟು ಎಚ್ಚರದಿಂದ ಸಾಕಿದ ಪ್ರಾಣಿಯಲ್ಲೂ ಈ ಬ್ಯಾಕ್ಟೀರಿಯ ಕಂಡುಬಂದರೆ ಮೇವನ್ನಷ್ಟೇ ದೂರಿ ಸುಮ್ಮನಾಗುವಂತಿಲ್ಲ.

ಮೊದಲು ಕುದುರೆಯ ಹೊಟ್ಟೆಯೊಳಗೆ ಒಮ್ಮೆ ಇಣುಕಿ ಬರೋಣ. ನನಗೆ ಬಹಳ ಇಷ್ಟವಾದ ಭಾಗ ಇದು. ಸಂಪಾದನೆಯ ಮೇಜಿನ ಮೇಲೆ ಇದಕ್ಕೇ ಮೊದಲು ಕತ್ತರಿ ಬಿತ್ತು. ಹಸು ಹುಲ್ಲನ್ನು ನುಂಗಿ, ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಅದರ ಹುದುಗುವಿಕೆ ನಡೆಯುವುದು ಹೊಟ್ಟೆಯ ಮುಂಭಾಗದಲ್ಲಿ. ಕುದುರೆಗೆ ಮೆಲುಕೂ ಇಲ್ಲ, ವಾಂತಿಯೂ ಇಲ್ಲ. ಒಳಗೆ ಹೋದದ್ದು ಹಿಂದಕ್ಕೆ ಬರುವ ಪ್ರಶ್ನೆಯೇ ಇಲ್ಲ. ಅದರ ಹುದುಗುವ ಹಂಡೆ ಇರುವುದು ಹಿಂಭಾಗದಲ್ಲಿ. ಸಣ್ಣ ಕರುಳು ಮುಗಿದ ಮೇಲೆ ಸಿಗುವ ಸೀಕಮ್ ಎಂಬ ಚೀಲ ಮನುಷ್ಯನಲ್ಲಿ ಬಹಳ ಚಿಕ್ಕದು, ಅಪೆಂಡಿಕ್ಸ್ ನೇತಾಡುವ ಜಾಗ. ಕುದುರೆಯಲ್ಲಿ ಅದು ಸುಮಾರು ಒಂದು ಮೀಟರ್ ಉದ್ದ, ಮೂವತ್ತು ಲೀಟರ್ ಹಿಡಿಯುತ್ತದೆ. ಎಂದರೆ ಎರಡು ದೊಡ್ಡ ಬಿಂದಿಗೆ. ಅದರ ಮುಂದೆ ಇನ್ನೂ ದೊಡ್ಡದಾದ ದೊಡ್ಡ ಕರುಳು.

ಈ ಹಂಡೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಹಗಲಿರುಳು ದುಡಿಯುತ್ತವೆ. ಹುಲ್ಲಿನ ನಾರನ್ನು ಕುದುರೆ ತಾನಾಗಿ ಅರಗಿಸಲಾರದು. ಸೂಕ್ಷ್ಮಜೀವಿಗಳು ಅದನ್ನು ಒಡೆದು ಕೊಬ್ಬಿನ ಆಮ್ಲಗಳನ್ನಾಗಿ ಮಾಡುತ್ತವೆ. ಕುದುರೆ ಓಡುವ ಶಕ್ತಿಯಲ್ಲಿ ದೊಡ್ಡ ಪಾಲು ಅದರಿಂದಲೇ ಬರುತ್ತದೆ. ಈ ಜನಸಂದಣಿಯನ್ನು ಕದಡಿದರೆ ಏನಾಗುತ್ತದೆ? ಲಿಂಕೋಮೈಸಿನ್ ಎಂಬ ಔಷಧವಿದೆ. ಹಂದಿ, ಕೋಳಿಗಳಿಗೆ ಕೊಡುತ್ತಾರೆ. ಅದೇ ಔಷಧ ಕುದುರೆಯ ಹೊಟ್ಟೆ ಸೇರಿದರೆ ಕರುಳಿನ ಸಮತೋಲ ಕೆಟ್ಟು, ಭೇದಿ ಹತ್ತಿ, ಕುದುರೆ ಸತ್ತೇ ಹೋಗಬಹುದು. ವಿಷ ಕುದುರೆಗೆ ತಾಗಿದ್ದಲ್ಲ, ಅದರ ಹೊಟ್ಟೆಯೊಳಗಿನ ಸಂಸಾರಕ್ಕೆ ತಾಗಿದ್ದು. ಹೀಗಾಗಿ ಕುದುರೆ ವೈದ್ಯರು ಆಂಟಿಬಯಾಟಿಕ್ ಬರೆಯುವಾಗ ಮೊದಲಿನಿಂದಲೂ ಕೈ ತಡೆದೇ ಬರೆಯುತ್ತಾರೆ.

ಈ ಮಹಾಸಂತೆಯಲ್ಲಿ ಎಶ್ಚೆರಿಷಿಯ ಕೋಲೈ ಒಂದು ಸಣ್ಣ ಅಂಗಡಿ. ಚಿಕ್ಕದಾಗಿ ಇ. ಕೋಲೈ ಎನ್ನೋಣ. 1885ರಲ್ಲಿ ಥಿಯೋಡೋರ್ ಎಶ್ಚೆರಿಶ್ ಎಂಬ ಮಕ್ಕಳ ವೈದ್ಯರು ಇದನ್ನು ವರ್ಣಿಸಿದರು. ಕರುಳಿನ ಬ್ಯಾಕ್ಟೀರಿಯಗಳಲ್ಲಿ ಇದರ ಪಾಲು ನೂರರಲ್ಲಿ ಒಂದೂ ಇಲ್ಲ. ಆದರೂ ವಿಜ್ಞಾನಿಗಳು ಇದರ ಬೆನ್ನು ಹತ್ತುವುದಕ್ಕೆ ಕಾರಣಗಳಿವೆ. ಪ್ರಯೋಗಾಲಯದಲ್ಲಿ ಸುಲಭವಾಗಿ ಬೆಳೆಯುತ್ತದೆ, ಮನುಷ್ಯ, ಹಸು, ಕುದುರೆ ಎಲ್ಲರ ಕರುಳಲ್ಲೂ ಸಿಗುತ್ತದೆ, ಮತ್ತು ಕರುಳಿನಲ್ಲಿ ಸಾಧುವಾಗಿದ್ದದ್ದು ಮೂತ್ರನಾಳಕ್ಕೋ ಗಾಯಕ್ಕೋ ದಾಟಿದರೆ ಕಾಯಿಲೆ ತರುತ್ತದೆ. ಅಮ್ಮನ ವರದಿಯ ತಲೆಯ ಮೇಲೆ ಬರೆದಿದ್ದ ಹೆಸರೂ ಇದೇ.

ಇನ್ನು ಪರೀಕ್ಷೆ. ಕಡಲೆ ಗಾತ್ರದ ಲದ್ದಿಯನ್ನು ದ್ರವದಲ್ಲಿ ಕಲಕಿ, ಮ್ಯಾಕಾಂಕಿ ಅಗಾರ್ ಎಂಬ ಪಾಕ ಹರಡಿದ ಗಾಜಿನ ತಟ್ಟೆಯ ಮೇಲೆ ಸವರುತ್ತಾರೆ. ಮೂವತ್ತೇಳು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿ ಕಳೆಯಬೇಕು. ಎಲ್ಲ ಅನುಕೂಲವೂ ಇದ್ದರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದರಿಂದ ಆರಂಭಿಸಿ ಎಂಟು ಗಂಟೆಯ ಹೊತ್ತಿಗೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ. ಒಂದು ಕೋಟಿ ಅರವತ್ತೇಳು ಲಕ್ಷ ದಾಟುತ್ತದೆ. ಬೆಳಿಗ್ಗೆ ತಟ್ಟೆ ತೆರೆದರೆ ಗುಲಾಬಿ ಬಣ್ಣದ ಚುಕ್ಕೆಗಳು. ಒಂದು ಚುಕ್ಕೆಯನ್ನು ಎತ್ತಿ ಇನ್ನೊಂದು ತಟ್ಟೆಯ ತುಂಬ ಸವರಿ, ಅದರ ಮೇಲೆ ಔಷಧದಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ಔಷಧ ನಾಟಿದ ಕಡೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಮೂಡಿರುತ್ತದೆ, ಚಂದ್ರನ ಸುತ್ತ ಕಟ್ಟುವ ಕೊಡೆಯ ಹಾಗೆ. ನಾಟದ ಕಡೆ ಬ್ಯಾಕ್ಟೀರಿಯ ಬಿಲ್ಲೆಯ ಅಂಚಿನವರೆಗೂ ನಿರಾತಂಕವಾಗಿ ಬೆಳೆದಿರುತ್ತದೆ. ಆಸ್ಪತ್ರೆಯ ವರದಿಯ ಎಸ್ ಮತ್ತು ಆರ್ ಅಕ್ಷರಗಳಿಗೆ ಮೂಲ ಇಂಥದೇ ಪರೀಕ್ಷೆ. ನಮ್ಮ ಕ್ಯಾಮೆರಾಮನ್ ಈ ತಟ್ಟೆಗಳನ್ನು ಮಾತ್ರ ಹೇಳುವ ಮೊದಲೇ ಹತ್ತು ಕೋನಗಳಿಂದ ತೆಗೆದರು.

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು ಇಂಥ ಪರೀಕ್ಷೆಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದರು. ಆಸ್ಪತ್ರೆ ಸೇರಿದ ಕುದುರೆಗಳನ್ನು ಅವರು ಆರಿಸಲಿಲ್ಲ. ಬ್ರಿಟನ್ನಿನ ಉದ್ದಗಲದಲ್ಲಿ ಅರವತ್ತೈದು ಪಶುವೈದ್ಯ ಚಿಕಿತ್ಸಾಲಯಗಳ ಮೂಲಕ ಮನೆಗಳಲ್ಲಿ, ಲಾಯಗಳಲ್ಲಿ ಇರುವ ಸಾಮಾನ್ಯ ಕುದುರೆಗಳ ಲದ್ದಿಯನ್ನು ತರಿಸಿದರು. ಆರು ನೂರಕ್ಕೂ ಹೆಚ್ಚು ಮಾದರಿಗಳು. ಅವುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತರಲ್ಲಿ ಯಾವುದಾದರೂ ಒಂದು ಆಂಟಿಬಯಾಟಿಕ್‌ಗೆ ಬಗ್ಗದ ಇ. ಕೋಲೈ ಸಿಕ್ಕಿತು. ನೂರಕ್ಕೆ ಸುಮಾರು ಆರರಲ್ಲಿ ಇನ್ನೂ ಗಟ್ಟಿ ಪಿಂಡದ್ದು ಸಿಕ್ಕಿತು. ವೈದ್ಯರು ಅದನ್ನು ಇ.ಎಸ್.ಬಿ.ಎಲ್. ಎನ್ನುತ್ತಾರೆ. ಪೆನಿಸಿಲಿನ್ ಅಷ್ಟೇ ಅಲ್ಲ, ಅದರ ಬಂಧುಗಳಾದ ಹೊಸ ಸೆಫಲೋಸ್ಪೋರಿನ್ ಔಷಧಗಳನ್ನೂ ಕತ್ತರಿಸಿ ಹಾಕುವ ಕಿಣ್ವವನ್ನು ತಯಾರಿಸುವ ಬ್ಯಾಕ್ಟೀರಿಯ ಅದು.

ಈ ಅಂಕಿಯನ್ನು ಓದುವಾಗ ಅವಸರ ಬೇಡ. ನೂರಕ್ಕೆ ಎಪ್ಪತ್ತು ಎಂದರೆ ಕುದುರೆಯ ಹೊಟ್ಟೆಯ ಬ್ಯಾಕ್ಟೀರಿಯಗಳಲ್ಲಿ ನೂರಕ್ಕೆ ಎಪ್ಪತ್ತು ಮೊಂಡಾಗಿವೆ ಎಂದಲ್ಲ. ನೂರು ಕುದುರೆಗಳ ಪೈಕಿ ಎಪ್ಪತ್ತು ಕುದುರೆಗಳು ಅಂಥದನ್ನು ಅಷ್ಟೋ ಇಷ್ಟೋ ಹೊತ್ತಿವೆ ಎಂದರ್ಥ. ಲಕ್ಷದ ನಡುವೆ ಹತ್ತು ಇದ್ದರೂ ಲೆಕ್ಕಕ್ಕೆ ಬರಬಹುದು. ಪತ್ರಿಕೆಯ ತಲೆಬರಹಗಳಲ್ಲಿ ಈ ಎರಡು ಅರ್ಥಗಳು ಆಗಾಗ ಕಲಸಿ ಹೋಗುತ್ತವೆ. ನಮ್ಮ ಕಾರ್ಯಕ್ರಮದ ಮೊದಲ ಕರಡಿನಲ್ಲೂ ಕಲಸಿ ಹೋಗಿತ್ತು, ಅದನ್ನು ಬರೆದವಳು ನಾನೇ.

ಆ ಸಮೀಕ್ಷೆಯ ಎರಡನೆಯ ಭಾಗ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಯಾವ ಕುದುರೆಗಳಲ್ಲಿ ಇಂಥ ಬ್ಯಾಕ್ಟೀರಿಯ ಸಿಗುವ ಸಂಭವ ಹೆಚ್ಚು ಎಂದು ಅವರು ಮಾಲೀಕರಿಂದ ವಿವರ ಪಡೆದು ತಾಳೆ ನೋಡಿದರು. ಅಲ್ಲಿ ಮತ್ತೆ ಮತ್ತೆ ತಲೆಯೆತ್ತಿದ ಒಂದು ಕಾರಣ ಹೀಗಿತ್ತು: ಅದೇ ಲಾಯದಲ್ಲಿರುವ ಇನ್ನೊಂದು ಕುದುರೆ ಇತ್ತೀಚೆಗೆ ಆಸ್ಪತ್ರೆಗೆ ಹೋಗಿ ಬಂದಿರುವುದು. ಗಮನಿಸಿ. ಇನ್ನೊಂದು ಕುದುರೆ. ಚಿಕಿತ್ಸೆ ಪಡೆದದ್ದು ಒಬ್ಬರು, ಫಲ ಹೊತ್ತದ್ದು ಪಕ್ಕದವರು.

ಇದಕ್ಕೆ ಹೊಂದುವ ಸಾಕ್ಷ್ಯ ಅಮೆರಿಕದಿಂದ 2006ರಲ್ಲಿ ಬಂದಿತ್ತು. ಕೊಲೊರಾಡೊದಲ್ಲಿ ಮೂರು ಗುಂಪಿನ ಕುದುರೆಗಳನ್ನು ಹೋಲಿಸಿ ನೋಡಿದರು. ಆಸ್ಪತ್ರೆಯಲ್ಲಿದ್ದು ಆಂಟಿಬಯಾಟಿಕ್ ಪಡೆದವು, ಆಸ್ಪತ್ರೆಯಲ್ಲಿದ್ದರೂ ಆಂಟಿಬಯಾಟಿಕ್ ಪಡೆಯದವು, ಆಸ್ಪತ್ರೆಯ ಕಡೆ ತಲೆಯನ್ನೇ ಹಾಕದವು. ಮೊಂಡು ಇ. ಕೋಲೈ ಮೊದಲ ಗುಂಪಿನಲ್ಲಿ ಹೆಚ್ಚು, ಕೊನೆಯ ಗುಂಪಿನಲ್ಲಿ ಕಡಿಮೆ. ಇದು ಊಹಿಸಬಹುದಾದದ್ದೇ. ನಡುವಿನ ಗುಂಪು ನಡುವೆ ಬಂತು. ಔಷಧವಿಲ್ಲದೆ, ಬರೀ ಆ ಜಾಗದಲ್ಲಿ ಇದ್ದುದಕ್ಕೆ.

ಹೇಗೆ ಸಾಧ್ಯ? ಇಲ್ಲಿ ನಿಮ್ಮ ಜೀವಶಾಸ್ತ್ರದ ಪಾಠ ನೆನಪಿಸಿಕೊಳ್ಳಬೇಕು. ನಾನು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವಳು. ನಮಗೆ ಡಾರ್ವಿನ್ ಪಾಠವನ್ನು ಹೇಳುವಾಗ ಮೇಷ್ಟ್ರು ಔಷಧ ನಿರೋಧವನ್ನೇ ಉದಾಹರಣೆ ಕೊಟ್ಟಿದ್ದರು: ಲಕ್ಷದಲ್ಲಿ ಒಂದು ಬ್ಯಾಕ್ಟೀರಿಯದ ಜೀನ್ ಬದಲಾಗುತ್ತದೆ, ಔಷಧ ಬಿದ್ದಾಗ ಉಳಿದವೆಲ್ಲ ಸಾಯುತ್ತವೆ, ಆ ಒಂದು ಬದುಕಿ ಮಕ್ಕಳು ಮೊಮ್ಮಕ್ಕಳಿಂದ ಜಾಗ ತುಂಬುತ್ತದೆ. ಪಾಠ ಸರಿಯೇ. ಆದರೆ ಅರ್ಧ ಪಾಠ.

ಉಳಿದರ್ಧವನ್ನು ಜಪಾನ್ 1950ರ ದಶಕದಲ್ಲಿ ಕಲಿತದ್ದು ರಕ್ತಭೇದಿಯಿಂದ. ಶಿಗೆಲ್ಲ ಎಂಬ ಭೇದಿಯ ಬ್ಯಾಕ್ಟೀರಿಯ ಅಲ್ಲಿ ಒಮ್ಮೆಗೇ ನಾಲ್ಕು ಔಷಧಗಳನ್ನು ಸೋಲಿಸತೊಡಗಿತು. ಒಂದೊಂದೇ ಜೀನ್ ಅಕಸ್ಮಾತ್ತಾಗಿ ಬದಲಾಗಿ ನಾಲ್ಕೂ ಒಂದೇ ಬ್ಯಾಕ್ಟೀರಿಯದಲ್ಲಿ ಕೂಡುವುದು ನಂಬಲಾಗದಷ್ಟು ಅಪರೂಪ. ಇನ್ನೂ ವಿಚಿತ್ರವೆಂದರೆ ಅದೇ ರೋಗಿಗಳ ಕರುಳಿನ ಇ. ಕೋಲೈ ಕೂಡ ಅದೇ ನಾಲ್ಕು ಔಷಧಗಳಿಗೆ ಬಗ್ಗುತ್ತಿರಲಿಲ್ಲ. 1959ರಲ್ಲಿ ಅಲ್ಲಿನ ವಿಜ್ಞಾನಿಗಳು ಎರಡನ್ನೂ ಒಟ್ಟಿಗೆ ಬೆಳೆಸಿ ತೋರಿಸಿದರು: ನಿರೋಧ ಶಕ್ತಿ ಒಂದರಿಂದ ಇನ್ನೊಂದಕ್ಕೆ ನೇರವಾಗಿ ದಾಟುತ್ತದೆ. ತಾಯಿಯಿಂದ ಮಗಳಿಗಲ್ಲ, ನೆರೆಯವರಿಂದ ನೆರೆಯವರಿಗೆ. ದಾಟಿಸುವ ವಾಹನವೇ ಪ್ಲಾಸ್ಮಿಡ್, ಮುಖ್ಯ ವರ್ಣತಂತುವಿನಿಂದ ಬೇರೆಯಾಗಿ ತೇಲಾಡುವ ಡಿ.ಎನ್.ಎ. ಉಂಗುರ. ಎರಡು ಬ್ಯಾಕ್ಟೀರಿಯಗಳು ಸೂಕ್ಷ್ಮ ಕೊಳವೆಯಿಂದ ಕೂಡಿಕೊಂಡಾಗ ಒಂದು ತನ್ನ ಉಂಗುರದ ಪ್ರತಿಯನ್ನು ಇನ್ನೊಂದಕ್ಕೆ ಕೊಡುತ್ತದೆ. ನಿಮ್ಮ ತರಗತಿಯಲ್ಲಿ ಒಬ್ಬರು ಬರೆದ ನೋಟ್ಸಿನ ಜೆರಾಕ್ಸ್ ಬೆಲ್ಲು ಹೊಡೆಯುವಷ್ಟರಲ್ಲಿ ಕೊನೆಯ ಬೆಂಚಿಗೆ ತಲಪುವುದಿಲ್ಲವೇ, ಹಾಗೆ. ಒಂದೇ ಉಂಗುರದ ಮೇಲೆ ಐದಾರು ಔಷಧಗಳ ನಿರೋಧ ಸಾಲಾಗಿ ಕುಳಿತಿರಬಹುದು. ಆಗ ಒಂದು ಔಷಧ ಬಳಸಿದರೂ ಬಳಸದ ಉಳಿದ ಔಷಧಗಳ ನಿರೋಧವೂ ಜೊತೆಯಲ್ಲೇ ಬೆಳೆಯುತ್ತದೆ.

ನಂಬುವುದು ಕಷ್ಟವಾದರೆ ಅಮೆರಿಕದ ಬಾಸ್ಟನ್ ಬಳಿಯ ಒಂದು ತೋಟದಲ್ಲಿ ಸ್ಟುವರ್ಟ್ ಲೆವಿ ನಡೆಸಿದ ಪ್ರಯೋಗ ಕೇಳಿ. ಫಲಿತಾಂಶ ಪ್ರಕಟವಾದದ್ದು 1976ರಲ್ಲಿ. ಕೋಳಿಮರಿಗಳ ಮೇವಿನಲ್ಲಿ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಬೆರೆಸಿದರು. ಕೆಲವೇ ದಿನಗಳಲ್ಲಿ ಕೋಳಿಗಳ ಕರುಳಿನ ಬ್ಯಾಕ್ಟೀರಿಯ ಆ ಔಷಧಕ್ಕೆ ಮೊಂಡಾದವು. ಮುಂದೆ ಮೇವಿನಲ್ಲಿ ಇರದ ಬೇರೆ ಔಷಧಗಳಿಗೂ. ಐದಾರು ತಿಂಗಳಲ್ಲಿ ಆ ಮನೆಯವರ ಕರುಳಲ್ಲೂ ಮೊಂಡು ಬ್ಯಾಕ್ಟೀರಿಯ ಅಕ್ಕಪಕ್ಕದ ಮನೆಯವರಿಗಿಂತ ಎಷ್ಟೋ ಹೆಚ್ಚಾದವು. ಅವರು ಔಷಧ ತಿಂದಿರಲಿಲ್ಲ. ಕೋಳಿಗಳ ಜೊತೆ ಬದುಕಿದ್ದರು, ಅಷ್ಟೇ. ಔಷಧದ ಮೇವು ನಿಲ್ಲಿಸಿ ಆರು ತಿಂಗಳಾದ ಮೇಲೆ ಹೆಚ್ಚಿನವರಲ್ಲಿ ಅವು ಇಳಿದಿದ್ದವು ಎಂಬುದನ್ನೂ ಹೇಳಬೇಕು. ಆ ಮಾತು ಮುಂದೆ ಬೇಕಾಗುತ್ತದೆ.

ಲಾಯದಲ್ಲಿ ಇದೆಲ್ಲ ಹೇಗೆ ನಡೆಯುತ್ತದೆಂದು ಊಹಿಸಲು ಸೂಕ್ಷ್ಮದರ್ಶಕವೇ ಬೇಡ. ಒಂದು ಕುದುರೆ ದಿನಕ್ಕೆ ಹದಿನೈದು ಇಪ್ಪತ್ತು ಕಿಲೋ ಲದ್ದಿ ಹಾಕುತ್ತದೆ. ಬಾಚುವ ಸಲಿಕೆ ಒಂದೇ, ನೀರಿನ ಬಕೆಟ್ಟು ಒಂದೇ, ಮೈ ಉಜ್ಜುವ ಬ್ರಷ್ಷೂ ಒಂದೇ. ನೆಲದಲ್ಲಿ ಬಿದ್ದ ಹುಲ್ಲಿನ ಎಳೆಯನ್ನು ಪಕ್ಕದ ಕುದುರೆ ಮೂತಿ ಚಾಚಿ ಹೆಕ್ಕುತ್ತದೆ. ನಾನು ಅಲ್ಲಿ ನಿಂತಿದ್ದ ಒಂದು ಗಂಟೆಯಲ್ಲಿ ಕುದುರೆ ನೋಡಿಕೊಳ್ಳುವ ಹುಡುಗ ಮೂರು ಕುದುರೆಗಳ ಬಾಯಿಗೆ ಅದೇ ಕೈಯಿಂದ ಬೆಲ್ಲ ಇಟ್ಟ, ನಾಲ್ಕನೆಯ ತುಂಡನ್ನು ತಾನೇ ಬಾಯಿಗೆ ಹಾಕಿಕೊಂಡ. ನಮ್ಮಲ್ಲಿ ಯಾರಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸಂಪಾದನೆಯ ಮೇಜಿನ ಮೇಲೆ ನಿಧಾನಗತಿಯಲ್ಲಿ ನೋಡಿದಾಗ ಕಂಡಿತು.

ಹಾಗಾದರೆ ಮನುಷ್ಯನೂ ಇಲ್ಲದ, ಔಷಧವೂ ಇಲ್ಲದ ಕಡೆ ಕುದುರೆಯ ಹೊಟ್ಟೆ ಹೇಗಿರುತ್ತದೆ? ಅಂಥ ಕುದುರೆ ಎಲ್ಲಿದೆ ಎಂದು ನೀವು ಕೇಳಬಹುದು. ಇದೆ. ಕೆನಡಾದ ಪೂರ್ವ ಕರಾವಳಿಯಿಂದ ದೂರ, ಅಟ್ಲಾಂಟಿಕ್ ಸಾಗರದ ನಡುವೆ ಸೇಬಲ್ ಎಂಬ ದ್ವೀಪವಿದೆ. ಬಿದಿಗೆಯ ಚಂದ್ರನಂತೆ ಬಾಗಿದ ಮರಳುದಿಬ್ಬ. ಉದ್ದ ಸುಮಾರು ನಲವತ್ತು ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರ್ ಸಹ ಇಲ್ಲದ ಕಡೆಯೇ ಹೆಚ್ಚು. 18ನೆಯ ಶತಮಾನದಲ್ಲಿ ಅಲ್ಲಿಗೆ ಕೊಂಡೊಯ್ದು ಬಿಟ್ಟ ಕುದುರೆಗಳ ಸಂತತಿ ಇಂದಿಗೂ ನೂರಾರು ಸಂಖ್ಯೆಯಲ್ಲಿ ಕಾಡುಕುದುರೆಗಳಾಗಿ ಬದುಕಿವೆ. 1961ರಿಂದ ಕಾನೂನಿನ ರಕ್ಷಣೆ ಇದೆ. 2013ರಲ್ಲಿ ದ್ವೀಪ ರಾಷ್ಟ್ರೀಯ ಉದ್ಯಾನ ಮೀಸಲಾಯಿತು. ಅಲ್ಲಿ ಲಾಯವಿಲ್ಲ, ಲಾಳವಿಲ್ಲ, ವೈದ್ಯರಿಲ್ಲ. ಕಾಲು ಮುರಿದ ಕುದುರೆಯನ್ನೂ ಮುಟ್ಟುವಂತಿಲ್ಲ.

ಕೆನಡಾದ ವಿಜ್ಞಾನಿಗಳು ಆ ಕುದುರೆಗಳ ಇ. ಕೋಲೈಯನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಔಷಧಗಳಿಗೆ ಬಗ್ಗದ್ದು ಅಲ್ಲಿ ಬಹಳ ಅಪರೂಪ. ಪರೀಕ್ಷಾ ವಿಧಾನಗಳು ಬೇರೆ ಬೇರೆಯಾದ್ದರಿಂದ ಬ್ರಿಟನ್ನಿನ ಅಂಕಿಯನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಕಳೆಯುವ ಲೆಕ್ಕ ಮಾಡಬಾರದು. ಆದರೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಪ್ರಾಣಿ ಅದೇ, ಕರುಳು ಅದೇ, ಹುಲ್ಲನ್ನು ಹುದುಗಿಸುವ ಹಂಡೆಯೂ ಅದೇ. ಬೇರೆಯಾದದ್ದು ಸುತ್ತಲಿನ ಜಗತ್ತು.

ನಿರೋಧ ಶಕ್ತಿಯನ್ನು ಮನುಷ್ಯನೇ ಸೃಷ್ಟಿಸಿದ ಎಂದು ಮಾತ್ರ ತಿಳಿಯಬೇಡಿ. ಪೆನಿಸಿಲಿನ್ನನ್ನು ಒಡೆಯುವ ಕಿಣ್ವವನ್ನು ಅಬ್ರಹಾಂ ಮತ್ತು ಚೈನ್ ವರ್ಣಿಸಿದ್ದು 1940ರಲ್ಲಿ, ಪೆನಿಸಿಲಿನ್ ಇನ್ನೂ ರೋಗಿಗಳ ಕೈಗೆ ಬರುವ ಮೊದಲು. ಅದು ಸಿಕ್ಕಿದ್ದೂ ಇದೇ ಕೋಲೈ ಬ್ಯಾಕ್ಟೀರಿಯದಲ್ಲಿ. ಕೆನಡಾದ ಯೂಕಾನ್ ಪ್ರದೇಶದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಮೂವತ್ತು ಸಾವಿರ ವರ್ಷ ಹಳೆಯ ನಿರೋಧದ ಜೀನ್‌ಗಳು ದೊರೆತವೆಂದು 2011ರಲ್ಲಿ ವರದಿಯಾಯಿತು. ಶಿಲೀಂಧ್ರ, ಬ್ಯಾಕ್ಟೀರಿಯಗಳು ಮಣ್ಣಿನಲ್ಲಿ ಅನಾದಿಯಿಂದ ಒಂದರ ಮೇಲೊಂದು ಈ ರಸಾಯನಗಳನ್ನು ಎರಚಿ ಹೋರಾಡುತ್ತ ಬಂದಿವೆ. ಕತ್ತಿಯ ಜೊತೆಗೆ ಗುರಾಣಿಯೂ ಹುಟ್ಟಿದೆ. ಬೀಜ ಹಳೆಯದು. ನಾವು ಮಾಡಿದ್ದು ಅದಕ್ಕೆ ಮಳೆಗಾಲ ತಂದದ್ದು.

ಇರಲಿ, ಕುದುರೆ ಹೇಗೂ ಆರೋಗ್ಯವಾಗಿದೆಯಲ್ಲ, ತೊಂದರೆಯೇನು? ಅದು ಹೊಟ್ಟೆಶೂಲೆ ಬರುವವರೆಗಿನ ಮಾತು. ಕುದುರೆಯ ಅಷ್ಟುದ್ದದ ಕರುಳು ತಿರುಚಿಕೊಳ್ಳುವುದುಂಟು. ಆಗ ಹೊಟ್ಟೆ ಕೊಯ್ದು ಸರಿಪಡಿಸಬೇಕು. ಕರುಳಿನೊಳಗೆ ನಿರುಪದ್ರವಿಯಾಗಿದ್ದ ಬ್ಯಾಕ್ಟೀರಿಯ ಆ ಗಾಯಕ್ಕೆ ಬಂದರೆ, ವೈದ್ಯರ ಪೆಟ್ಟಿಗೆಯ ಔಷಧಗಳಲ್ಲಿ ಯಾವುದು ನಾಟುತ್ತದೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಲಿಂಕೋಮೈಸಿನ್‌ನಂಥವು ಕುದುರೆಗೆ ವಿಷವಾದ್ದರಿಂದ ಆಯ್ಕೆ ಮೊದಲೇ ಕಡಿಮೆ. ಬ್ರಿಟನ್ನಿನ ಕುದುರೆ ವೈದ್ಯರ ಸಂಘ 2012ರಲ್ಲಿ ತನ್ನ ಸದಸ್ಯರಿಗೆ ಒಂದು ಮಾರ್ಗಸೂಚಿ ಹೊರಡಿಸಿ, ಕೆಲವು ಔಷಧಗಳನ್ನು ಕಾದಿರಿಸಿ, ಬೇರೆ ದಾರಿಯಿಲ್ಲವೆಂದು ಪರೀಕ್ಷೆ ಹೇಳಿದಾಗಲಷ್ಟೇ ಬಳಸಿರೆಂದು ಕೇಳಿಕೊಂಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಕೋಟೆಯ ಅರ್ಧ ಇನ್ನೂ ಉಳಿದಿದೆ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಬಡವರ ಜೀವನಾಧಾರವಾಗಿ ಗಾಡಿ ಎಳೆಯುವ, ಹೊರೆ ಹೊರುವ ಕುದುರೆ, ಕತ್ತೆ, ಹೇಸರಗತ್ತೆಗಳಲ್ಲೂ ದೊಡ್ಡ ಅಶ್ವಶಾಲೆಗಳಲ್ಲೂ ಹಲವು ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರುವುದನ್ನು ನಮ್ಮ ಪಶುವೈದ್ಯ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದರು. ಉತ್ತರ ಭಾರತದ ಇಂಥ ಪ್ರಾಣಿಗಳಲ್ಲಿ ಎಂಟರೊಕಾಕಸ್ ಎಂಬ ಇನ್ನೊಂದು ಕರುಳುವಾಸಿಯ ಬಗ್ಗೆ 2009ರಲ್ಲಿ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಔಷಧವನ್ನು ಕೋಳಿ, ಮೀನು ಮೊದಲಾದ ಆಹಾರ ಪ್ರಾಣಿಗಳಿಗೆ ತಯಾರಿಸಿ ಮಾರುವುದನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು.

ಹಾಗೆಂದು ಕುದುರೆ ಕಂಡರೆ ಹೆದರಿ ದೂರ ಸರಿಯಬೇಕಿಲ್ಲ. ನನ್ನ ತಾಯಿ ಜೀವಮಾನದಲ್ಲಿ ಕುದುರೆಯ ಹತ್ತಿರ ಹೋದದ್ದು ಮೈಸೂರಿನ ಜಟಕಾದಲ್ಲಿ ಕೂತಾಗ ಮಾತ್ರ. ಅವರಿಗೆ ಅದು ಬಂದ ದಾರಿ ಬೇರೆ ಇರಬೇಕು: ನೀರು, ಊಟ, ಆಸ್ಪತ್ರೆ, ಮನೆಯವರ ಕೈ. ಕಾಲೇಜಿನ ದಿನಗಳಿಂದಲೂ ಗಂಟಲು ಕೆರೆದರೆ ಸಾಕು, ಮೂರು ಮಾತ್ರೆ ನುಂಗಿ ಉಳಿದ ಎರಡನ್ನು ಡ್ರಾಯರಿನಲ್ಲಿ ಎತ್ತಿಡುವ ಅಭ್ಯಾಸ ನನಗಿತ್ತು. ಅಡುಗೆಮನೆ ನಮ್ಮಿಬ್ಬರಿಗೂ ಒಂದೇ.

ಅಮ್ಮನ ಜ್ವರ ಆ ಎರಡು ಎಸ್‌ಗಳಲ್ಲಿ ಒಂದರಿಂದ ಇಳಿಯಿತು. ಹತ್ತು ದಿನ ದಿನಕ್ಕೆ ಮೂರು ಸಲ ನರಕ್ಕೆ ಚುಚ್ಚುಮದ್ದು. ಕೈಯೆಲ್ಲ ನೀಲಿಗಟ್ಟಿತ್ತು.

ಕಾರ್ಯಕ್ರಮ ಪ್ರಸಾರವಾದ ಮೇಲೆ ಒಬ್ಬ ಪಿ.ಯು.ಸಿ. ವಿದ್ಯಾರ್ಥಿನಿ ಪತ್ರ ಬರೆದು ಕೇಳಿದರು: ಆರೋಗ್ಯವಂತ ಕುದುರೆಯಲ್ಲಿ ಇಂಥ ಬ್ಯಾಕ್ಟೀರಿಯ ಸಿಕ್ಕಿದರೆ ಇನ್ನೂ ಬಲವಾದ ಔಷಧ ಕೊಟ್ಟು ಅದನ್ನು ತೊಳೆದು ಹಾಕಬಾರದೇ? ಒಳ್ಳೆಯ ಪ್ರಶ್ನೆ. ನಾನು ಲಾಯದ ಪಶುವೈದ್ಯರಿಗೆ ಫೋನು ಮಾಡಿ ಕೇಳಿದೆ. ಅವರು ನಕ್ಕರು. "ಕೊಡಬಾರದು. ಹೊಟ್ಟೆಯಲ್ಲಿರೋ ಒಳ್ಳೇವೆಲ್ಲ ಸತ್ತು ಇದಕ್ಕೇ ಜಾಗ ಖಾಲಿ ಮಾಡಿಕೊಟ್ಟ ಹಾಗಾಗುತ್ತೆ," ಎಂದರು. ಹೊರೆ ಹೊತ್ತ ಬ್ಯಾಕ್ಟೀರಿಯ ಔಷಧವಿಲ್ಲದ ಕಡೆ ಉಳಿದವುಗಳ ಜೊತೆ ಓಡಿ ಗೆಲ್ಲುವುದು ಸಾಮಾನ್ಯವಾಗಿ ಕಷ್ಟ. ಲೆವಿಯ ತೋಟದಲ್ಲಿ ಆದ ಹಾಗೆ ನಿಧಾನವಾಗಿ ಹಿಂದೆ ಬೀಳಬಹುದು. ಬೀಳದೆ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಕುದುರೆಯನ್ನು ಬಯಲಿಗೆ ಬಿಟ್ಟು, ಅದರ ಬಕೆಟ್ಟು, ಬ್ರಷ್ಷು ಬೇರೆ ಇಟ್ಟು, ಕಾಯುವುದೇ ಚಿಕಿತ್ಸೆ.

ಆಸ್ಪತ್ರೆಯಿಂದ ಬಂದ ಕುದುರೆಗಳಿಗೆಂದು ಲಾಯದಲ್ಲಿ ಈಗ ಕೆಂಪು ಬಣ್ಣದ ಬೇರೆ ಬಕೆಟ್ಟುಗಳು ಬಂದಿವೆಯಂತೆ. ನಾವು ಹೋದಾಗ ಇರಲಿಲ್ಲ. ಇದ್ದಿದ್ದರೆ ನಮ್ಮ ಕ್ಯಾಮೆರಾಮನ್ನರಿಗೆ ಇನ್ನೊಂದು ದೃಶ್ಯ ಸಿಗುತ್ತಿತ್ತು.